ಆಯಾ ಮಳೆಗೆ ಆಯಾ ಕೆಲಸ

ಹೊತ್ತ ಕೆಲಸ ದೊಡ್ಡದಾದಂತೆಲ್ಲ ಹೊತ್ತವನ ನಿದ್ದೆ ಚಿಕ್ಕದಾಗುತ್ತದೆ. ಮಗಳ ಮದುವೆಯನ್ನು ಗೊತ್ತುಮಾಡಿದ ತಂದೆ, ಮನೆಗೆ ಅಡಿಪಾಯ ಹಾಕಿಸಿದ ಗೃಹಸ್ಥ, ಸೇತುವೆಯ ಕೆಲಸ ಹಿಡಿದ ಕಂತ್ರಾಟುದಾರ, ವರ್ಷದ ಕೊನೆಗೆ ಲೆಕ್ಕ ಒಪ್ಪಿಸಬೇಕಾದ ಗುಮಾಸ್ತ, ಇವರೆಲ್ಲರ ಬೇನೆ ಒಂದೇ. ಮಾಡಬೇಕಾದ ಕೆಲಸ ನೂರು, ಇರುವ ಕೈ ಎರಡು, ಗಡುವು ಒಂದು. ಹಗಲಿನಲ್ಲಿ ಮಾಡಿದ ಕೆಲಸಕ್ಕಿಂತ ರಾತ್ರಿಯಲ್ಲಿ ನೆನಪಾಗುವ ಮಾಡದ ಕೆಲಸವೇ ಇವರನ್ನು ಹೆಚ್ಚು ದಣಿಸುತ್ತದೆ. ಶಾಂತರಾಗಿರಿ ಎಂದು ಇಂಥವರಿಗೆ ಬುದ್ಧಿ ಹೇಳುವವರು ಬಹಳ. ಶಾಂತರಾಗಿರುವ ಬಗೆಯನ್ನು ತೋರಿಸಿಕೊಡುವವರು ವಿರಳ.

ಆ ಬಗೆಯನ್ನು ನೋಡಬೇಕಾದರೆ ನಾವು ಪರದೇಶಗಳ ದೊಡ್ಡ ಕಾರಖಾನೆಗಳಿಗೆ ಹೋಗಬೇಕಾದುದಿಲ್ಲ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಹೊಲಗಳ ಬದುವಿನ ಮೇಲೆ ನಿಂತರೆ ಸಾಕು. 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದು, ಅನಂತರ ಹಾವೇರಿ ಜಿಲ್ಲೆಗೆ ಸೇರಿದ ಸೀಮೆ ಇದು. ಹಾನಗಲ್ಲಿನ ಕಡೆ ಮಲೆನಾಡಿನ ಸೆರಗು, ಬತ್ತದ ಗದ್ದೆ. ಸವಣೂರಿನ ಕಡೆ ಎರೆಯ ಬಯಲು, ಜೋಳ, ಹತ್ತಿ, ಊರಿಗೆ ಹೆಸರು ತಂದ ವೀಳ್ಯದೆಲೆ. ಹಿರೇಕೆರೂರಿನ ಕಡೆ ಗೋವಿನಜೋಳ. ಇಲ್ಲಿಯ ಒಕ್ಕಲುಮಗನು ವರ್ಷವರ್ಷವೂ ಒಂದು ದೊಡ್ಡ ಕಾರ್ಯಭಾರವನ್ನು ತಲೆಯ ಮೇಲೆ ಹೊರುತ್ತಾನೆ. ದುಡಿಮೆ ಅವನದು, ಬಂಡವಾಳ ಅವನದು. ಆದರೆ ಎಲ್ಲಕ್ಕೂ ಮುಖ್ಯವಾದ ಮಳೆ ಮಾತ್ರ ಅವನ ಮಾತು ಕೇಳುವುದಿಲ್ಲ. ಇಂಥ ಷರತ್ತಿನ ಕರಾರಿಗೆ ಯಾವ ಕಂತ್ರಾಟುದಾರನೂ ರುಜು ಹಾಕಲಾರನು. ಒಕ್ಕಲುಮಗನು ತಲೆಮಾರುಗಳಿಂದ ಹಾಕುತ್ತ ಬಂದಿದ್ದಾನೆ.

ಆತನಿಗೆ ಚಿಂತೆಯಿಲ್ಲವೆಂದು ಇದರ ಅರ್ಥವಲ್ಲ. ಚಿಂತೆಗೆ ಒಡ್ಡು ಕಟ್ಟುವ ಕೆಲವು ಉಪಾಯಗಳನ್ನು ಆತನ ಹಿರಿಯರು ಕಂಡುಕೊಂಡಿದ್ದಾರೆ.

ಮೊದಲನೆಯ ಉಪಾಯ, ವರ್ಷವನ್ನು ತುಂಡುಮಾಡಿದ್ದು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆಂಬ ಎಣಿಕೆಯಿಂದ ಮಳೆಗಳಿಗೆ ಹೆಸರಾಗಿದೆ. ಮೇ 25ರ ಸುಮಾರಿಗೆ ರೋಹಿಣಿ, ಜೂನ್ 8ರ ಸುಮಾರಿಗೆ ಮಿರಗ, 22ರ ಸುಮಾರಿಗೆ ಆರಿದ್ರೆ, ಹೀಗೆ ಸಾಲು ಸಾಗುತ್ತದೆ. ಹರಗುವುದಕ್ಕೊಂದು ಮಳೆ, ಬಿತ್ತುವುದಕ್ಕೊಂದು ಮಳೆ, ಎಡೆ ಹೊಡೆಯುವುದಕ್ಕೊಂದು ಮಳೆ. ಹಿಂಗಾರಿ ಜೋಳದ ವಿಚಾರವನ್ನು ಮಿರಗದಲ್ಲಿ ಯಾರೂ ತಲೆಗೆ ತಂದುಕೊಳ್ಳುವುದಿಲ್ಲ. ಅದಕ್ಕೆ ಸೆಪ್ಟೆಂಬರಿನ ಉತ್ತರೆ, ಹಸ್ತಗಳು ಇದ್ದೇ ಇವೆ. ಕೆಲಸವನ್ನು ಮರೆತದ್ದಲ್ಲ, ಅದರ ಸ್ಥಾನದಲ್ಲಿ ಇಟ್ಟದ್ದು.

ಇದರ ಮರ್ಮವನ್ನು ಮನಶ್ಶಾಸ್ತ್ರಜ್ಞರು ಬೇರೆ ದಾರಿಯಿಂದ ಹೋಗಿ ಮುಟ್ಟಿದ್ದಾರೆ. ಬ್ಲೂಮಾ ಝೈಗಾರ್ನಿಕ್ ಎಂಬ ವಿದುಷಿಯು ಬರ್ಲಿನ್ನಿನಲ್ಲಿ ನಡೆಸಿದ ಪ್ರಯೋಗಗಳನ್ನು 1927ರಲ್ಲಿ ಪ್ರಕಟಿಸಿದಳು. ಮುಗಿದ ಕೆಲಸಕ್ಕಿಂತ ನಡುವೆ ನಿಂತ ಕೆಲಸವೇ ಮನಸ್ಸಿಗೆ ಹೆಚ್ಚು ಅಂಟಿಕೊಂಡಿರುತ್ತದೆಂದು ಆಕೆಗೆ ಕಂಡುಬಂದಿತು. 2011ರಲ್ಲಿ ಅಮೇರಿಕದ ಇಬ್ಬರು ಸಂಶೋಧಕರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಕೆಲಸವನ್ನು ಮುಗಿಸಬೇಕಾಗಿಯೇ ಇಲ್ಲ. ಯಾವಾಗ, ಎಲ್ಲಿ, ಹೇಗೆ ಮಾಡುವುದೆಂದು ಖಚಿತವಾಗಿ ಗೊತ್ತುಮಾಡಿಕೊಂಡರೂ ಅದು ಮನಸ್ಸನ್ನು ಪೀಡಿಸುವುದು ಕಡಮೆಯಾಗುತ್ತದೆಂದು ಅವರು ತೋರಿಸಿದರು. ನಮ್ಮ ಹಿರಿಯರು ಒಂದೊಂದು ಕೆಲಸಕ್ಕೆ ಒಂದೊಂದು ಮಳೆಯನ್ನು ಗೊತ್ತುಮಾಡಿದ್ದರಲ್ಲಿಯೂ ಇದೇ ಗುಣವುಂಟು.

ಎರಡನೆಯದು, ಗಡುವಿಗೆ ಮೊದಲೇ ಸಿದ್ಧರಾಗಿರುವುದು. ಹಾನಗಲ್ಲು ಶಿಗ್ಗಾಂವಿಗಳ ಕಡೆ ಬತ್ತವನ್ನು ಕೂರಿಗೆಯಿಂದ ಬಿತ್ತುವ ಪದ್ಧತಿ ಹಳೆಯದು. ಸಸಿ ಮಾಡಿ ನಾಟಿ ಹಚ್ಚುವವನು ಗದ್ದೆಯಲ್ಲಿ ನೀರು ನಿಲ್ಲುವುದನ್ನು ಕಾಯಬೇಕು. ಕೂರಿಗೆಯವನು ಮುಂಗಾರು ಬಲಿಯುವುದಕ್ಕೆ ಮೊದಲೇ ಬೀಜವನ್ನು ಮಣ್ಣಿನಲ್ಲಿಟ್ಟಿರಬೇಕು. ಅದಕ್ಕಾಗಿ ಬಿರುಬೇಸಗೆಯಲ್ಲಿಯೇ ಗೊಬ್ಬರ ಹೇರಬೇಕು, ಹೆಂಟೆ ಒಡೆಯಬೇಕು, ಬೀಜ ಹಸನು ಮಾಡಬೇಕು, ಕೂರಿಗೆಯ ತಾಳುಗಳನ್ನು ಬಿಗಿಸಬೇಕು. ಮಳೆ ಬಂದ ದಿನ ಬಡಿಗನ ಮನೆಯ ಮುಂದೆ ನಿಂತವನಿಗೆ ಎಷ್ಟು ತಾಳ್ಮೆಯಿದ್ದೇನು ಫಲ? ಅವಸರದ ದಿನದ ಸಮಾಧಾನವನ್ನು ಬಿಡುವಿನ ದಿನದಲ್ಲಿಯೇ ಸಂಪಾದಿಸಿ ಇಡಬೇಕಾಗುತ್ತದೆ.

ಮೂರನೆಯದು, ಕೈಯ ಹದ. ಎತ್ತುಗಳು ಕೂರಿಗೆಯನ್ನು ಎಳೆಯುತ್ತಿರುವಾಗ ಹಿಂದಿನಿಂದ ನಡೆಯುವ ಹೆಣ್ಣುಮಗಳು ಬಟ್ಟಲಿನಲ್ಲಿ ಬೀಜ ಬಿಡುತ್ತಾಳೆ. ಅವಳ ಉಡಿಯಲ್ಲಿ ಇಡೀ ಹೊಲದ ಬೀಜವಿದೆ. ಬೆರಳ ಸಂದಿಯಿಂದ ಉದುರುವುದು ಈ ಹೆಜ್ಜೆಗೆ ಬೇಕಾದಷ್ಟು ಮಾತ್ರ. ಗಾಬರಿಯಿಂದ ಹೆಚ್ಚು ಸುರಿದರೆ ಸಾಲು ದಟ್ಟವಾಗುತ್ತದೆ, ಲಕ್ಷ್ಯ ತಪ್ಪಿದರೆ ಸಾಲು ಹಾರುತ್ತದೆ. ಎರಡೂ ತಪ್ಪುಗಳು ಎಂಟು ದಿನಗಳ ಮೇಲೆ ಊರಿಗೆಲ್ಲ ಕಾಣುತ್ತವೆ! ಈಗ ಬಹಳ ಹೊಲಗಳಲ್ಲಿ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರು ಬಂದಿದೆ. ಆದರೆ ಈ ಪಾಠ ಹಳತಾಗಿಲ್ಲ.

ಹತ್ತಿಯ ಬೀಜೋತ್ಪಾದನೆಯಲ್ಲಿ ಇದನ್ನು ಇನ್ನೂ ಸ್ಪಷ್ಟವಾಗಿ ನೋಡಬಹುದು. ಧಾರವಾಡದ ಸಂಶೋಧನಾ ಕ್ಷೇತ್ರದಿಂದ 1972ರಲ್ಲಿ ವರಲಕ್ಷ್ಮಿ, 1981ರಲ್ಲಿ ಜಯಲಕ್ಷ್ಮಿ ಎಂಬ ಮಿಶ್ರತಳಿಗಳು ಹೊರಬಂದವು. ಇಂಥ ತಳಿಯ ಬೀಜ ಬೇಕಾದರೆ ಹೂವು ಹೂವನ್ನೂ ಕೈಯಿಂದ ಕೂಡಿಸಬೇಕು. ನಾಳೆ ಅರಳಲಿರುವ ಮೊಗ್ಗನ್ನು ಇಂದು ಇಳಿಹೊತ್ತಿನಲ್ಲಿ ಆರಿಸಿ ಕೇಸರ ತೆಗೆಯಬೇಕು; ಮರುದಿನ ಮುಂಜಾನೆ ಬೇರೆ ಗಿಡದ ಪರಾಗವನ್ನು ಅದಕ್ಕೆ ಮುಟ್ಟಿಸಬೇಕು. ಒಂದು ದಿನ ತಡವಾದರೆ ಆ ಹೂವು ಕೈತಪ್ಪಿದಂತೆಯೇ. ನಾಡಿದ್ದಿನ ಮೊಗ್ಗನ್ನು ಇಂದೇ ಬಿಡಿಸಿದರೂ ಉಪಯೋಗವಿಲ್ಲ. ಹೊಲದಲ್ಲಿ ಸಾವಿರ ಮೊಗ್ಗುಗಳಿದ್ದರೂ ಇಂದಿನ ಲೆಕ್ಕಕ್ಕೆ ಬರುವುವು ಇಂದಿನವು ಮಾತ್ರ.

ನಾಲ್ಕನೆಯದು, ವಿಶ್ರಾಂತಿಗೆ ಕಟ್ಟಳೆ. ಈ ಸೀಮೆಯಲ್ಲಿ ಸೋಮವಾರ ಎತ್ತಿನ ಕೊರಳಿಗೆ ನೊಗ ಇಡಬಾರದೆಂಬ ರೂಢಿಯುಂಟು. ಕಾರಹುಣ್ಣಿಮೆಯು ಬರುವುದು ಬಿತ್ತನೆಯ ಅವಸರದ ತಿಂಗಳಲ್ಲಿಯೇ. ಅಂದು ಎತ್ತಿಗೆ ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಸಿಂಗರಿಸುತ್ತಾರೆ. ಕೆಲಸ ಮುಗಿದ ಮೇಲೆ ವಿಶ್ರಾಂತಿ ಎಂದಿದ್ದರೆ ಎತ್ತಿಗೆ ಎಂದೂ ವಿಶ್ರಾಂತಿ ದೊರೆಯುತ್ತಿರಲಿಲ್ಲ, ಏಕೆಂದರೆ ಒಕ್ಕಲುತನದಲ್ಲಿ ಕೆಲಸ ಮುಗಿಯುವುದೆಂಬುದಿಲ್ಲ. ಆದುದರಿಂದ ಅದನ್ನು ಮೊದಲೇ ವಾರಕ್ಕೆ ಸೇರಿಸಿಟ್ಟರು. ಎತ್ತಿಗೆ ಕೊಟ್ಟ ಈ ರಜೆಯನ್ನು ನಾವು ನಮಗೆ ಕೊಟ್ಟುಕೊಳ್ಳಲು ಹಿಂಜರಿಯುವುದು ಸೋಜಿಗವಲ್ಲವೆ?

ಐದನೆಯದು, ಮುಯ್ಯಿ. ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಕೆಲಸವನ್ನು ಹಂಚಿಕೊಳ್ಳುವುದರೊಂದಿಗೆ ದುಗುಡವೂ ಹಂಚಿಹೋಗುತ್ತದೆ. ಸಾಲಿನಲ್ಲಿ ಹತ್ತು ಜನ ಕೂಡಿ ಕಳೆ ತೆಗೆಯುವಾಗ ತನ್ನ ಹೊಲವೊಂದೇ ಹಾಳಾಯಿತೆಂಬ ಭ್ರಮೆ ಯಾರಿಗೂ ಉಳಿಯದು.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವನ್ನು ಹೇಳಿದಂತಾದೀತು. ಕೈಯಲ್ಲಿರುವ ಕೆಲಸವನ್ನು ಎಷ್ಟು ಅಚ್ಚುಕಟ್ಟಾಗಿ ಮಾಡಿದರೂ ಬೇರೆಯವರು ಮಾಡಬೇಕಾದ ಕೆಲಸ ಆಗದೆ ಹೋದರೆ ಒಬ್ಬನ ಸಮಾಧಾನ ಎಷ್ಟು ಕಾಲ ತಾಳೀತು? 2008ರ ಜೂನ್ 10ರಂದು ಹಾವೇರಿ ಪಟ್ಟಣದಲ್ಲಿ ನಡೆದುದನ್ನು ನೆನೆಯಿರಿ. ಬಿತ್ತನೆಯ ಹೊತ್ತಿಗೆ ಗೊಬ್ಬರ ಸಿಗದೆ ಬೀದಿಗಿಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಜೀವಹಾನಿಯಾಯಿತು. ಮಿರಗವು ಪ್ರತಿವರ್ಷ ಅದೇ ವಾರದಲ್ಲಿ ಬರುತ್ತದೆಂಬುದು ಪಂಚಾಂಗ ನೋಡಬಲ್ಲ ಎಲ್ಲರಿಗೂ ಗೊತ್ತು. ಹೊಲದವನು ಬೇಸಗೆಯಲ್ಲಿ ಕೂರಿಗೆ ಬಿಗಿಸಿದಂತೆ ಆಳುವವರು ಬೇಸಗೆಯಲ್ಲಿ ಗೋದಾಮು ತುಂಬಿಸಿರಬೇಕು. ಅಧಿಕಾರದ ಕುರ್ಚಿಯಲ್ಲಿರುವವರು ಕೈಕೆಳಗಿನವರಿಗೆ ತಾಳ್ಮೆಯನ್ನು ಉಪದೇಶಿಸುವ ಮೊದಲು ಈ ಮಾತನ್ನು ನೆನಪಿಡತಕ್ಕದ್ದು.

ಸಾಲ, ಬೆಳೆನಾಶಗಳಿಂದ ಕಂಗೆಟ್ಟು ಪ್ರಾಣ ಕಳೆದುಕೊಂಡವರ ಸುದ್ದಿಯೂ ಈ ಜಿಲ್ಲೆಯಿಂದ ಬಂದಿದೆ. ಅಂಥ ಸಂಕಟಕ್ಕೆ ಕೆಲಸದ ಪಟ್ಟಿ ಮದ್ದಲ್ಲ. ವಾರಗಟ್ಟಲೆ ನಿದ್ದೆ ಬಾರದೆ, ಅನ್ನ ಸೇರದೆ, ಬದುಕೇ ಬೇಡವೆನ್ನಿಸುವವರು ಮೊದಲು ಬಾಯಿಬಿಟ್ಟು ಹೇಳಿಕೊಳ್ಳಬೇಕು. ಮನೆಯವರಿಗೆ ಹೇಳಲು ಸಂಕೋಚವಾದರೆ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಸರಕಾರವು ಆರಂಭಿಸಿದ ಟೆಲಿ-ಮಾನಸ್ ಎಂಬ ಈ ಸೇವೆ ಹಗಲಿರುಳೂ ಇರುತ್ತದೆ, ಕನ್ನಡದಲ್ಲಿಯೂ ದೊರೆಯುತ್ತದೆ, ಹಣ ಕೊಡಬೇಕಾಗಿಲ್ಲ. ನೆರೆಯವರ ಮನೆಯಲ್ಲಿ ಅಂಥವರಿದ್ದರೆ ಆ ಸಂಖ್ಯೆಯನ್ನು ತಿಳಿಸಿ ಜೊತೆಗೆ ಕೂಡುವುದೂ ಒಂದು ಮುಯ್ಯಿಯೇ.

ಉಳಿದ ನಮ್ಮಂಥವರು ಈ ವಾರ ಒಂದು ಪ್ರಯೋಗ ಮಾಡಬಹುದು. ರಾತ್ರಿ ಮಲಗುವ ಮೊದಲು ತಲೆಯಲ್ಲಿ ಸುಳಿಯುವ ಕೆಲಸಗಳನ್ನೆಲ್ಲ ಒಂದು ಕಾಗದದ ಮೇಲೆ ಬರೆಯಿರಿ. ನಮ್ಮ ಕೈಯಲ್ಲಿಲ್ಲದವುಗಳ ಮುಂದೆ ಮಳೆ ಎಂದು ಬರೆದುಬಿಡಿ. ಉಳಿದವುಗಳ ಮುಂದೆ ಒಂದೊಂದು ದಿನವನ್ನು ನಮೂದಿಸಿ. ಏಳರಲ್ಲಿ ಒಂದು ದಿನವನ್ನು ಖಾಲಿ ಬಿಡಿ. ನಾಳೆಯ ದಿನದ ಎದುರಿಗೆ ಎಷ್ಟು ಕೆಲಸಗಳಿವೆಯೆಂದು ಎಣಿಸಿ ನೋಡಿ. ಅವು ನಿಮ್ಮ ಭಯದಷ್ಟು ಇರಲಾರವು. ಆಮೇಲೆ ದೀಪ ಆರಿಸಿ ಮಲಗಿರಿ.