ಚಂದ್ರನಲ್ಲಿ ಎರಡು ದಿನ, ಭೂಮಿಯಲ್ಲಿ ಒಂದು ವರ್ಷ

ಚಂದ್ರನಲ್ಲಿ ಗಾಳಿ ಇಲ್ಲ ಎಂದೊಡನೆ ಮಕ್ಕಳಿಗೆ ಹೊಳೆಯುವುದು ಉಸಿರಾಟದ ತೊಂದರೆ. ಆಮ್ಲಜನಕವನ್ನೇನೋ ಸಿಲಿಂಡರಿನಲ್ಲಿ ಹೊತ್ತೊಯ್ಯಬಹುದು. ಆದರೆ ಗಾಳಿ ಸದ್ದಿಲ್ಲದೆ ಮಾಡುವ ಇನ್ನೊಂದು ಕೆಲಸವಿದೆ.

ನಮ್ಮ ತಲೆಯ ಮೇಲಿನ ವಾಯುಮಂಡಲವನ್ನು ತೂಗಿದರೆ ಅದು ಸುಮಾರು ಹತ್ತು ಮೀಟರ್ ನೀರಿಗೆ ಸಮ. ಮಾಂಬಳ್ಳಿಯ ಬಯಲಿನಲ್ಲಿ ನಿಂತವರೂ ತುಂಬಿದ ಬಾವಿಯ ತಳದಲ್ಲಿ ನಿಂತಂತೆಯೇ! ಈ ಹೊದಿಕೆ ಮತ್ತು ಭೂಮಿಯ ಕಾಂತಕ್ಷೇತ್ರ ನಮ್ಮನ್ನು ವಿಶ್ವಕಿರಣಗಳಿಂದ ಕಾಯುತ್ತವೆ. ವಿಶ್ವಕಿರಣವೆಂದರೆ ದೂರದ ಆಕಾಶದಿಂದ ಬೆಳಕಿನ ವೇಗಕ್ಕೆ ಸಮೀಪದ ವೇಗದಲ್ಲಿ ಧಾವಿಸಿ ಬರುವ ಪ್ರೋಟಾನ್ ಮುಂತಾದ ಕಣಗಳು. ಅವು ಜೀವಕೋಶವನ್ನು ಹೊಕ್ಕರೆ ಡಿಎನ್‌ಎ ಎಳೆ ತುಂಡಾಗಿ, ಮುಂದೆ ಕ್ಯಾನ್ಸರಿಗೆ ದಾರಿಯಾಗಬಹುದು.

ಚಂದ್ರನಿಗೆ ಈ ಎರಡು ಕೊಡೆಗಳೂ ಇಲ್ಲ. 2008ರಲ್ಲಿ ನಮ್ಮ ಚಂದ್ರಯಾನ-1, ಬಲ್ಗೇರಿಯಾದ ‘ರಾಡಮ್’ ಉಪಕರಣದಿಂದ ಚಂದ್ರನ ಸುತ್ತಲಿನ ವಿಕಿರಣವನ್ನು ಅಳೆಯಿತು. 2019ರಲ್ಲಿ ಚಂದ್ರನ ನೆಲಕ್ಕಿಳಿದ ಚೀನಾದ ಚಾಂಗ್-ಎ 4 ಅಳೆದದ್ದು ದಿನಕ್ಕೆ ಸುಮಾರು 1.37 ಮಿಲಿಸೀವರ್ಟ್. ಭೂಮಿಯಲ್ಲಿ ನಮಗೆ ನಿಸರ್ಗದಿಂದ ಬರುವುದು ಸರಾಸರಿ ವರ್ಷಕ್ಕೆ 2.4. ಇಲ್ಲಿನ ವರ್ಷದ ಪಾಲು ಅಲ್ಲಿ ಎರಡೇ ದಿನಗಳಲ್ಲಿ ಸೇರುತ್ತದೆ.

ಇದು ಜಿಟಿಜಿಟಿ ಮಳೆ. ಸೂರ್ಯ ಸಿಡಿದಾಗ ಬರುವುದು ಕುಂಭದ್ರೋಣ. 1972ರ ಆಗಸ್ಟ್‌ನಲ್ಲಿ ಅಂಥ ಭಾರಿ ಸೌರ ಬಿರುಗಾಳಿ ಬೀಸಿತು. ಅಪೊಲೊ 16 ಏಪ್ರಿಲ್‌ನಲ್ಲೇ ಮರಳಿತ್ತು. ಅಪೊಲೊ 17 ಹೊರಟದ್ದು ಡಿಸೆಂಬರಿನಲ್ಲಿ. ನಡುವೆ ಚಂದ್ರನ ಮೇಲೆ ಯಾರಾದರೂ ಓಡಾಡುತ್ತಿದ್ದರೆ, ಬರೀ ಉಡುಪು ಅವರನ್ನು ಕಾಯುತ್ತಿರಲಿಲ್ಲ.

ಹಾಗಾದರೆ ಪರಿಹಾರ? ಅದು ಕಾಲಡಿಯಲ್ಲೇ ಇದೆ. 1965ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಿಜ್ಞಾನಿಗಳು ನ್ಯೂಟ್ರಿನೊಗಳನ್ನು ಗುರುತಿಸಿದರು. ಅಷ್ಟು ಆಳಕ್ಕೆ ಹೋದದ್ದು ಮೇಲಿನ ಬಂಡೆ ವಿಶ್ವಕಿರಣಗಳನ್ನು ಸೋಸಲೆಂದೇ. ಚಂದ್ರನಲ್ಲಿ ಅಷ್ಟು ಆಳ ಬೇಕಿಲ್ಲ. ವಸತಿಯ ಮೇಲೆ ಕೆಲವು ಮೀಟರ್ ಮಣ್ಣು ಮುಚ್ಚಬೇಕು, ಇಲ್ಲವೇ ಲಾವಾ ಹರಿದು ಉಳಿಸಿದ ಗುಹೆಗಳನ್ನು ಹೊಕ್ಕಬೇಕು. ಮಣ್ಣು ತೆಳುವಾದರೆ ಸಾಲದು. ಕಣಗಳು ಅದಕ್ಕೆ ಬಡಿದು ನ್ಯೂಟ್ರಾನುಗಳನ್ನು ಎಬ್ಬಿಸುತ್ತವೆ. ಬಿರುಗಾಳಿಯ ಮುನ್ಸೂಚನೆಯೂ ಬೇಕು. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ಸೂರ್ಯನ ವರ್ತನೆಯನ್ನು ಗಮನಿಸಲು ಹೋದದ್ದೇ.

2040ರೊಳಗೆ ಭಾರತೀಯರೊಬ್ಬರು ಚಂದ್ರನ ಮೇಲೆ ಇಳಿಯಬೇಕೆಂಬುದು ದೇಶದ ಗುರಿ. ಅವರು ಇಂದು ನಮ್ಮ ಯಾವುದೋ ಹೈಸ್ಕೂಲಿನ ಬೆಂಚಿನ ಮೇಲೆ ಕುಳಿತಿರಬಹುದು. ಆದ್ದರಿಂದ ತಂದೆತಾಯಿಗಳೇ, ಮಗಳು ಕಲ್ಲುಮಣ್ಣಿನ ಶಾಸ್ತ್ರ ಓದುತ್ತೇನೆಂದರೆ ‘ಅದರಿಂದೇನು ಪ್ರಯೋಜನ?’ ಎನ್ನಬೇಡಿ. ಅಲ್ಲಿ ಜೀವ ಉಳಿಸುವುದು ಆ ಮಣ್ಣೇ.

ವಿದ್ಯಾರ್ಥಿಗಳಿಗೊಂದು ಲೆಕ್ಕ: ನಾಸಾ ತನ್ನ ಗಗನಯಾತ್ರಿಗೆ ಇಡೀ ವೃತ್ತಿಜೀವನಕ್ಕೆ ಹಾಕಿರುವ ಮಿತಿ 600 ಮಿಲಿಸೀವರ್ಟ್. ಮರೆಯಿಲ್ಲದೆ ಚಂದ್ರನ ಬಯಲಿನಲ್ಲೇ ಉಳಿದರೆ ಅದು ಎಷ್ಟು ದಿನಕ್ಕೆ ಮುಗಿಯುತ್ತದೆ? ಭಾಗಿಸಿ ನೋಡಿ.