ಎಷ್ಟನೇ ಸ್ಟೇಜು?

ರೋಣದ ನಮ್ಮ ದೊಡ್ಡಪ್ಪನಿಗೆ ಬಾಯಿ ಕ್ಯಾನ್ಸರ್ ಅಂತ ಗೊತ್ತಾದ ವಾರ, ಗಜೇಂದ್ರಗಡದ ಅತ್ತಿಯಿಂದ ಹಿಡಿದು ನರಗುಂದದ ಮಾವನವರೆಗೆ ಎಲ್ಲರೂ ಫೋನಿನಲ್ಲಿ ಕೇಳಿದ್ದು ಒಂದೇ, "ಎಷ್ಟನೇ ಸ್ಟೇಜ್ ಅಂತ?" ಯಾರೋ "ಲಾಸ್ಟ್ ಸ್ಟೇಜ್ ಅಂತ್ರಿ" ಎಂದು ಉತ್ತರಿಸಿಯೂ ಬಿಟ್ಟಿದ್ದರು. ಆಗಿನ್ನೂ ಆಗಿದ್ದು ಬಯಾಪ್ಸಿ ಒಂದೇ! ಬಗ್ ಏನೆಂದು ನೋಡದೆ ಕ್ರಿಟಿಕಲ್ ಅಂತ ಮೇಲ್ ಹಾಕುವ ನಮ್ಮ ಮ್ಯಾನೇಜರುಗಳು ನೆನಪಾದರು.

ಬಯಾಪ್ಸಿ ಹೇಳುವುದು ಅದು ಕ್ಯಾನ್ಸರ್ ಹೌದೋ ಅಲ್ಲವೋ, ಯಾವ ಬಗೆಯದು ಅಂತ. ಎಲ್ಲೆಲ್ಲಿ ಹಬ್ಬಿದೆ ಅನ್ನುವುದಕ್ಕೆ ಬೇರೆ ಲೆಕ್ಕವಿದೆ. ಫ್ರಾನ್ಸಿನ ಸರ್ಜನ್ ಪಿಯರ್ ಡೆನ್ವಾ 1943ರಿಂದ 1952ರ ನಡುವೆ ರೂಪಿಸಿದ ಟಿಎನ್‌ಎಂ ಪದ್ಧತಿ ಅದು. ಟಿ ಅಂದರೆ ಮೂಲ ಗಡ್ಡೆ, ಎನ್ ಅಂದರೆ ಹತ್ತಿರದ ದುಗ್ಧಗ್ರಂಥಿಗಳು, ಎಂ ಅಂದರೆ ದೂರದ ಅಂಗಕ್ಕೆ ಹಾರಿದೆಯೇ ಎಂಬುದು. ಬಾಯಿಯದಾದರೆ ಗಡ್ಡೆಯ ಅಗಲವಷ್ಟೇ ಅಲ್ಲ, ಆಳವನ್ನೂ ನೋಡುತ್ತಾರೆ. 2 ಸೆಂ.ಮೀ. ಒಳಗಿನ ಹುಣ್ಣಾದರೂ 5 ಮಿ.ಮೀ.ಗಿಂತ ಆಳಕ್ಕಿಳಿದಿದ್ದರೆ ಟಿ1 ಅಲ್ಲ, ಟಿ2. ಕುತ್ತಿಗೆ ಮುಟ್ಟಿ ನೋಡಿ, ಸಿಟಿ ಅಥವಾ ಎಂಆರ್‌ಐ ಮಾಡಿಸಿ ಒಂದು ಸ್ಟೇಜ್ ಹೇಳುತ್ತಾರೆ. ಆಪರೇಷನ್ ಆದಮೇಲೆ ತೆಗೆದ ಭಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದು ಬದಲಾಗಲೂಬಹುದು.

ಎಲ್ಲ ಕ್ಯಾನ್ಸರಿಗೂ ಒಂದೇ ಅಳತೆಪಟ್ಟಿಯೂ ಇಲ್ಲ. ಕಲ್ನಾರಿನ ಧೂಳಿನಿಂದ ಬರುವ ಮೆಸೊಥೆಲಿಯೋಮ ಶ್ವಾಸಕೋಶದ ಪೊರೆಯ ಮೇಲೆ ಹಾಳೆಯಂತೆ ಹರಡುತ್ತದೆ. ಅಲ್ಲಿ ಉಂಡೆಯಂಥ ಗಡ್ಡೆ ಸಿಗುವುದೇ ಕಡಿಮೆ. ಪೊರೆ ಎಷ್ಟು ದಪ್ಪವಾಗಿದೆ, ಎದೆಗೂಡಿಗೋ ವಪೆಗೋ ಇಳಿದಿದೆಯೇ ಎಂದು ನೋಡಬೇಕು.

ನನ್ನ ಸಿಟ್ಟಿರುವುದು ಬರೀ ಅಂಕಿಯನ್ನು ಹಿಡಿದುಕೊಂಡು ತೀರ್ಮಾನ ಮಾಡುವುದರ ಮೇಲೆ. ದೊಡ್ಡಪ್ಪನ ರಿಪೋರ್ಟಿನಲ್ಲಿ ಬಂದದ್ದು 4ಎ. ನಾಲ್ಕು ಅಂದ ಕೂಡಲೇ ಮನೆಯಲ್ಲಿ, "ಲಾಸ್ಟ್ ಸ್ಟೇಜ್ ಅಂದಮ್ಯಾಲೆ ಹೊಲಾ ಮಾರಿ ಏನ್ ಮಾಡೂದೈತಿ?" ಬಾಯಿ ಕ್ಯಾನ್ಸರಿನಲ್ಲಿ ಆ 'ಎ' ಬಹಳ ದೊಡ್ಡ ಅಕ್ಷರ. ದೂರದ ಅಂಗಕ್ಕೆ ಹಬ್ಬಿಲ್ಲ, ಸಾಮಾನ್ಯವಾಗಿ ಆಪರೇಷನ್, ರೇಡಿಯೇಷನ್ ಮಾಡಿ ಗುಣಪಡಿಸಲೆಂದೇ ಪ್ರಯತ್ನಿಸುತ್ತಾರೆ. ದೂರಕ್ಕೆ ಹೋಗಿದ್ದರೆ ಅದು 4ಸಿ. ಈ ಎರಡನ್ನೂ 'ಲಾಸ್ಟ್' ಎಂಬ ಒಂದೇ ಚೀಲಕ್ಕೆ ತುಂಬಿ, ಇನ್ನೂ ಬದುಕಬಹುದಾದವರನ್ನು ಮನೆಗೆ ಕರೆತಂದು ಕೂರಿಸುತ್ತೇವೆ. ಅದೂ ಅವರನ್ನು ಒಂದು ಮಾತೂ ಕೇಳದೆ. ದೊಡ್ಡಪ್ಪನಿಗೆ ಆಗ ಹೇಳಿದ್ದು "ಬಾಯಿ ಹುಣ್ಣು" ಅಂತ ಮಾತ್ರ.

ತಡವಾಗುವುದಕ್ಕೆ ಕಾರಣಗಳಿಲ್ಲ ಅಂತಲ್ಲ. ರೋಣದಿಂದ ಗದಗ, ಗದಗದಿಂದ ಹುಬ್ಬಳ್ಳಿ, ಸ್ಕ್ಯಾನಿಗೆ ಒಂದು ದಿನ, ರಿಪೋರ್ಟಿಗೆ ಇನ್ನೊಂದು. ನರಗುಂದದವರು ನವಲಗುಂದದ ಮೇಲೆ ಹೋದರೂ ಅಷ್ಟೇ, ಪ್ರತಿ ಸಲಕ್ಕೂ ಇಬ್ಬರ ಕೂಲಿ ಹೋಯಿತು. ಅಷ್ಟರಲ್ಲಿ ಟಿ, ಎನ್ ಕಾಯುತ್ತಾ ಕೂರುವುದಿಲ್ಲ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಆಮೇಲೆ ಪಾನ್ ಮಸಾಲಾ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು. ದೊಡ್ಡಪ್ಪ ಎರಡನ್ನೂ ಬೆರೆಸಿಯೇ ಹಾಕುತ್ತಿದ್ದರು.

ಕೊನೆಗೆ ಅವರಿಗೆ ನಿಜ ಹೇಳಿದವನು ನಾನೇ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎ ಅಂದ್ರ ಮಾಡಸೂಣಲ್ಲ ಮತ್ತ" ಅಂದರು. ಈಗ ಬಾಯಿ ಪೂರ್ತಿ ತೆರೆಯುವುದಿಲ್ಲ, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಾರೆ. ಗಜೇಂದ್ರಗಡದ ಅತ್ತಿ ಮೊನ್ನೆಯೂ ಕೇಳಿದರು, "ಈಗ ಎಷ್ಟನೇ ಸ್ಟೇಜು?"