ಮದುವೆ ಮದ್ದಲ್ಲ

"ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು." ಈ ಗಾದೆಯನ್ನು ನಾವೆಲ್ಲ ನಗುತ್ತಲೇ ಹೇಳುತ್ತೇವೆ. ನಾನೂ ಹೇಳಿದ್ದೇನೆ. ಆದರೆ ಇದರ ಎರಡನೆಯ ಅರ್ಧವನ್ನು ವೈದ್ಯರ ಚೀಟಿಯೆಂದೇ ನಂಬಿ, ನಮ್ಮೂರು ಟೇಕಲ್ಲಿನ ಒಂದು ಮನೆಯವರು ಸೊಸೆ ತಂದದ್ದನ್ನು ನೋಡಿದ ಮೇಲೆ ನನಗೆ ನಗು ಬಂದಿಲ್ಲ.

ನಮ್ಮ ಮನೆಯಿಂದ ನಾಲ್ಕು ಬಾಗಿಲು ಆಚೆಯ ಹುಡುಗ. ರೈಲಿನಲ್ಲಿ ಮಾಲೂರಿಗೆ ಹೋಗಿ ಓದುತ್ತಿದ್ದವನು ಇಪ್ಪತ್ತರ ಸುಮಾರಿಗೆ ಕಾಲೇಜು ಬಿಟ್ಟ, ಗೆಳೆಯರನ್ನು ಬಿಟ್ಟ, ಸ್ನಾನವನ್ನೂ ಬಿಟ್ಟ. ಬಂಡೆಗುಡ್ಡದ ಕಡೆ ಮುಖ ಮಾಡಿ ಯಾರೊಂದಿಗೋ ವಾದಿಸುತ್ತಿದ್ದ. ಅಮ್ಮ ಬಡಿಸಿದ ಅನ್ನದಲ್ಲಿ ವಿಷವಿದೆಯೆಂದು ತಟ್ಟೆ ತಳ್ಳುತ್ತಿದ್ದ. ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸಿದ್ದಾಯಿತು, ಹರಕೆ ಹೊತ್ತದ್ದಾಯಿತು. ಕೊನೆಗೆ ಹಿರಿಯರು ಹೇಳಿದರು: "ಒಂದು ಮದುವೆ ಮಾಡಿ, ಜವಾಬ್ದಾರಿ ಬಂದರೆ ತಾನೇ ಸರಿಹೋಗುತ್ತಾನೆ."

ಹೆಣ್ಣಿನ ಕಡೆಯವರು ವಿಚಾರಿಸಲು ಬಂದಾಗ ಹುಡುಗಿಯ ಚಿಕ್ಕಮ್ಮ ನಮ್ಮ ಜಗುಲಿಯ ಮೇಲೂ ಕುಳಿತರು. "ಹುಡುಗ ಹೇಗಮ್ಮ?" ಎಂದು ಕೇಳಿದರು. ಕಾಫಿ ಲೋಟ ಕೈಗಿಡುತ್ತಾ ನಾನೆಂದೆ: "ಒಳ್ಳೆಯವನೇ. ಸ್ವಲ್ಪ ಮಾತು ಕಡಿಮೆ." ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುವ ಇನ್ನೊಂದು ಗಾದೆ ನನ್ನ ಬೆನ್ನಿಗಿತ್ತಲ್ಲ! ಅಕ್ಷತೆಯನ್ನೂ ಹಾಕಿ, ಊಟ ಮಾಡಿಕೊಂಡು ಬಂದೆ.

ಆ ಹುಡುಗನಿಗಿದ್ದ ಕಾಯಿಲೆಯ ಹೆಸರು ಸ್ಕಿಜೋಫ್ರೀನಿಯಾ. 1908ರಲ್ಲಿ ಸ್ವಿಜರ್ಲೆಂಡಿನ ವೈದ್ಯ ಬ್ಲಾಯ್ಲರ್ ಇಟ್ಟ ಹೆಸರು. ಸಿನಿಮಾದಲ್ಲಿ ತೋರಿಸುವಂತೆ ಒಬ್ಬರೊಳಗೆ ಇಬ್ಬರು ಮನುಷ್ಯರಿರುವ ಕಾಯಿಲೆ ಇದಲ್ಲ. ಯಾರೂ ಇಲ್ಲದೆಯೇ ಧ್ವನಿಗಳು ಕೇಳಿಸುತ್ತವೆ. ತನ್ನನ್ನು ಯಾರೋ ಹಿಂಬಾಲಿಸುತ್ತಿದ್ದಾರೆ, ಕೊಲ್ಲಲು ನೋಡುತ್ತಿದ್ದಾರೆ ಎಂಬ ಸಂಶಯ ಎಷ್ಟು ಸಮಾಧಾನ ಹೇಳಿದರೂ ಅಲುಗಾಡುವುದಿಲ್ಲ. ಮಾತಿನ ಎಳೆ ತಪ್ಪುತ್ತದೆ. ಇವು ಎಲ್ಲರ ಕಣ್ಣಿಗೆ ಬೀಳುತ್ತವೆ. ಕಣ್ಣಿಗೆ ಬೀಳದವು ಇನ್ನೂ ಇವೆ: ಉತ್ಸಾಹ ಬತ್ತುವುದು, ಮುಖದಲ್ಲಿ ನಗು ಅಳು ಎರಡೂ ಕಾಣದಿರುವುದು, ಮೂಲೆ ಹಿಡಿಯುವುದು. ಇವನ್ನು ನಾವು ಸೋಮಾರಿತನ ಎನ್ನುತ್ತೇವೆ. ಹೆಚ್ಚಾಗಿ ಹದಿಹರೆಯದ ಕೊನೆಯಿಂದ ಮೂವತ್ತರೊಳಗೆ, ಹೆಂಗಸರಲ್ಲಿ ತುಸು ತಡವಾಗಿ ಶುರುವಾಗುತ್ತದೆ. ಅಂದರೆ ಸರಿಯಾಗಿ ನಾವು ಜಾತಕ ಹೊರತೆಗೆಯುವ ವಯಸ್ಸಿನಲ್ಲಿ! ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆ. ಯಾವ ಊರೂ ಇದರಿಂದ ಹೊರತಲ್ಲ.

ಕಾರಣ ದೆವ್ವವಲ್ಲ, ಪೂರ್ವಜನ್ಮದ ಪಾಪವಲ್ಲ. ಮಿದುಳಿನಲ್ಲಿ ಡೋಪಮೈನ್ ಮೊದಲಾದ ರಾಸಾಯನಿಕಗಳ ಏರುಪೇರು, ವಂಶವಾಹಿಗಳು, ಕೆಲವರಲ್ಲಿ ಗಾಂಜಾ ಸೇವನೆ, ತಡೆಯಲಾರದ ಒತ್ತಡ, ಇವೆಲ್ಲ ಸೇರಿ ಬರುವುದು. ತಂದೆ ಅಥವಾ ತಾಯಿಗೆ ಇದ್ದರೆ ಮಕ್ಕಳಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಬರಬಹುದು. ಉಳಿದ ತೊಂಬತ್ತು ಮಂದಿಗೆ ಬರುವುದಿಲ್ಲ ಎಂಬುದನ್ನೂ ನೆನಪಿಡಿ. ಇನ್ನೊಂದು ಮಾತು ತಾಯಂದಿರಿಗೆ. 1948ರಲ್ಲಿ ಫ್ರೀಡಾ ಫ್ರಾಮ್ ರೈಕ್‌ಮನ್ ಎಂಬ ವೈದ್ಯೆ, ಸ್ವತಃ ಹೆಂಗಸು, ಈ ಕಾಯಿಲೆಗೆ ತಾಯಿಯ ನಡವಳಿಕೆಯೇ ಕಾರಣವೆನ್ನುವಂತೆ ಬರೆದರು. ಆಧಾರವಿಲ್ಲವೆಂದು ವಿಜ್ಞಾನ ಆ ಮಾತನ್ನು ಕೈಬಿಟ್ಟಿದೆ. ನಮ್ಮ ಬೀದಿಗಳು ಮಾತ್ರ ಬಿಟ್ಟಿಲ್ಲ.

ನಮ್ಮ ಬೀದಿಯಲ್ಲಿ ತಾಯಿಯ ತಲೆಯಿಂದ ಇಳಿದ ಆರೋಪ ಸೊಸೆಯ ತಲೆಗೇರಿತು. ಮೂರು ತಿಂಗಳಲ್ಲಿ ಹುಡುಗನ ಕಾಯಿಲೆ ಕೆರಳಿದಾಗ "ಇವಳ ಕಾಲ್ಗುಣ" ಎಂದರು. ಆ ಹುಡುಗಿಯೇ ಧೈರ್ಯ ಮಾಡಿ ಅವನನ್ನು ಪ್ಯಾಸೆಂಜರ್ ರೈಲು ಹತ್ತಿಸಿ, ಬೆಂಗಳೂರಿನಲ್ಲಿಳಿದು ನಿಮ್ಹಾನ್ಸ್‌ಗೆ ಕರೆದೊಯ್ದಳು. ಮಾತ್ರೆ ಶುರುವಾಯಿತು. ಕೆಲವು ವಾರಗಳಲ್ಲಿ ಧ್ವನಿಗಳು ಕುಗ್ಗಿದವು, ಅವಳ ಕೈಯ ಅನ್ನ ಉಂಡ. ಅಷ್ಟರಲ್ಲಿ ಅತ್ತೆ "ಮಾತ್ರೆ ಉಷ್ಣ, ಈಗ ಚೆನ್ನಾಗಿದ್ದಾನಲ್ಲ" ಎಂದು ನಿಲ್ಲಿಸಿದರು. ಮತ್ತೆ ಮೊದಲಿನಂತೆಯೇ ಆದ.

ಈ ಕಾಯಿಲೆಯ ದಾರಿಯೇ ಹಾಗೆ. ಕೆಲವರಿಗೆ ಒಮ್ಮೆ ಬಂದು ಹೋಗುತ್ತದೆ, ಹಲವರಿಗೆ ಮರುಕಳಿಸುತ್ತದೆ, ಕೆಲವರ ಜೊತೆ ಬಹುಕಾಲ ಉಳಿಯುತ್ತದೆ. 1950ರ ದಶಕದಲ್ಲಿ ಕ್ಲೋರ್‌ಪ್ರೋಮಜೈನ್ ಬಂದಂದಿನಿಂದ ಇದಕ್ಕೆ ಔಷಧಿ ಇದೆ. ಬೇಗ ಶುರುಮಾಡಿದಷ್ಟೂ ಒಳ್ಳೆಯದು, ಹೇಳದೆ ನಿಲ್ಲಿಸಿದರೆ ಅಪಾಯ. ಮದುವೆಯೆಂಬುದು ಗಟ್ಟಿ ಮನಸ್ಸಿನವರನ್ನೂ ಅಲ್ಲಾಡಿಸುವ ಬದಲಾವಣೆ. ಅದನ್ನು ಔಷಧಿಯೆಂದು ಕುಡಿಸುವುದು ಮುರಿದ ಕಾಲಿನವನ ತಲೆಯ ಮೇಲೆ ಮೂಟೆ ಹೊರಿಸಿದಂತೆ.

ಈಗ ತಕ್ಕಡಿಯ ಇನ್ನೊಂದು ತಟ್ಟೆ ನೋಡಿ. ಕಾಯಿಲೆ ಹುಡುಗಿಗಿದ್ದರೆ? ತವರಿನವರು ಮುಚ್ಚಿಟ್ಟು ಧಾರೆಯೆರೆಯುತ್ತಾರೆ. ಗುಟ್ಟು ರಟ್ಟಾದೀತೆಂದು ಅವಳು ಮಾತ್ರೆ ಬಿಡುತ್ತಾಳೆ. ಕೆಲವು ಮಾತ್ರೆಗಳಿಂದ ಮುಟ್ಟು ನಿಲ್ಲುವುದುಂಟು; ವೈದ್ಯರು ಅದನ್ನು ಬದಲಿಸಬಲ್ಲರು, ಆದರೆ ಕೇಳುವವರಾರು? ಬಾಣಂತನದಲ್ಲಿ ಕಾಯಿಲೆ ಮರುಕಳಿಸಿದರೆ ಅವಳನ್ನು ತವರಿಗೆ ತಂದು ಬಿಟ್ಟು ಹೋಗುತ್ತಾರೆ. ಗಂಡಿಗೆ ಕಾಯಿಲೆಯಾದರೆ ಹೆಂಡತಿ ದಾದಿ, ಹೆಣ್ಣಿಗಾದರೆ ಗಂಡ ಕಕ್ಷಿದಾರ. ಇದ್ಯಾವ ನ್ಯಾಯ? 1955ರ ಹಿಂದೂ ವಿವಾಹ ಕಾಯ್ದೆಯ ವಿಚ್ಛೇದನದ ಕಲಮಿನಲ್ಲಿ ಈ ಕಾಯಿಲೆಯ ಹೆಸರಿರುವುದು ನಿಜ. ಆದರೆ ಹೆಸರೊಂದೇ ಸಾಲದು, ಒಟ್ಟಿಗೆ ಬಾಳಲಾಗದಷ್ಟು ತೀವ್ರವೇ ಎಂದು ನೋಡಬೇಕೆಂದು ಸುಪ್ರೀಂ ಕೋರ್ಟು 1988ರಲ್ಲಿ ಹೇಳಿದೆ. ಆ ತೀರ್ಪು ನಮ್ಮ ಪಡಸಾಲೆಗಳಿಗೆ ಇನ್ನೂ ತಲುಪಿಲ್ಲ.

"ಹಾಗಾದರೆ ಇಂಥವರಿಗೆ ಮದುವೆಯೇ ಬೇಡವೇ?" ಎಂದು ಕೇಳಬಹುದು. ನಾನು ಹಾಗೆನ್ನುತ್ತಿಲ್ಲ. ಮೊದಲು ಚಿಕಿತ್ಸೆಯಾಗಲಿ. ಆಮೇಲೆ ಎರಡೂ ಕಡೆ ಬಾಯಿಬಿಟ್ಟು ಹೇಳಲಿ, ವೈದ್ಯರನ್ನು ಕಂಡು ಬರಲಿ. ತಿಳಿದು ಒಪ್ಪಿದವರು ಬಾಳಲಿ. ಮುಚ್ಚಿಟ್ಟು ಮಾಡಿದ ಮದುವೆ ಇಬ್ಬರಿಗೂ ದ್ರೋಹ, ರೋಗಿಗಂತೂ ಇಮ್ಮಡಿ ದ್ರೋಹ.

ಹಲವು ವರ್ಷಗಳ ನಂತರ ಟೇಕಲ್ ಸ್ಟೇಷನ್ನಿನಲ್ಲಿ ಅವಳು ಸಿಕ್ಕಳು. ಗಂಡ ಪಕ್ಕದಲ್ಲಿದ್ದ, ಚೀಲದಲ್ಲಿ ತಿಂಗಳ ಮಾತ್ರೆ. ನಾನು ತಡವರಿಸುತ್ತಾ ಅಂದಿನ ಜಗುಲಿಯ ಮಾತೆತ್ತಿದೆ. "ನೀವು ನಿಜ ಹೇಳಿದ್ದರೂ ನಾನು ಬರುತ್ತಿದ್ದೆನೋ ಏನೋ ಅಕ್ಕ. ಆದರೆ ಮೊದಲ ದಿನದಿಂದಲೇ ಮಾತ್ರೆ ಕೊಡುತ್ತಿದ್ದೆ. ಎರಡು ವರ್ಷ ದಂಡವಾಯಿತು" ಎಂದಳು. ಬೈದಿದ್ದರೆ ವಾಸಿಯಿತ್ತು.

ಅಕ್ಕತಂಗಿಯರೇ, ಸಂಬಂಧ ವಿಚಾರಿಸಲು ಯಾರಾದರೂ ನಿಮ್ಮ ಜಗುಲಿಗೂ ಬರುತ್ತಾರೆ. ಊರೆಲ್ಲ ಸಾರಬೇಕಾಗಿಲ್ಲ. ಆ ಮನೆಯ ತಾಯಿಯನ್ನು ಮೊದಲೇ ಕಂಡು "ಮಗನನ್ನು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸೋಣ ಬನ್ನಿ, ನಾನೂ ಜೊತೆಗಿರುತ್ತೇನೆ" ಎನ್ನಿ. 2022ರಿಂದ 14416 ಎಂಬ ಸರ್ಕಾರದ ದೂರವಾಣಿ ಇದೆ. ಕಾಸಿಲ್ಲದೆ ಸಲಹೆ ಕೊಡುತ್ತಾರೆ. ಕಾಫಿ ಕೊಡುವಷ್ಟು ಹೊತ್ತಿನಲ್ಲಿ ನಾನು ಹೇಳಿದ ಸುಳ್ಳನ್ನು ನೀವು ಹೇಳಬೇಡಿ.